ಹ್ಯಾಟ್ರಿಕ್ ಥರದ ಮ್ಯಾನೇಜರ್ ಗೇಮಲ್ಲಿ ಪ್ಲೇಯರ್ ಕೊಳ್ಳೋದು ಮಾರೋದು ಹೇಗೆ, ಚೀಟಿಂಗ್ ಅಂತ ಸಿಕ್ಕಿಹಾಕ್ಕೊಳ್ಳದೆ ಇರೋದು ಹೇಗೆ

ರಾತ್ರಿ 12:27. ಮನೇಲಿ ಎಲ್ಲರೂ ಮಲಗಿದಾರೆ, ನಾನು ಮೊಬೈಲ್ ಬ್ರೈಟ್‌ನೆಸ್ ಪೂರ್ತಿ ಇಳಿಸ್ಕೊಂಡು ಗೇಮಿನ ಹರಾಜಿಗೆ ಬಂದಿರೋ ಒಬ್ಬ 19 ವರ್ಷದ ಮಿಡ್‌ಫೀಲ್ಡರ್ ಮೇಲೆ ಕಣ್ಣಿಟ್ಟು ಕೂತಿದೀನಿ. ಡೆಡ್‌ಲೈನ್ 12:30, ಮೇಲಿರೋದು ನನ್ನ ಬಿಡ್. 12:29ಕ್ಕೆ ಯಾರೋ ಬಂದು ಏರಿಸ್ದ, ಡೆಡ್‌ಲೈನ್ 12:32ಕ್ಕೆ ಹೋಯ್ತು. 12:31ಕ್ಕೆ ನಾನು ಏರಿಸ್ದೆ, 12:34 ಆಯ್ತು. ಅವನು ಮತ್ತೆ ಏರಿಸ್ದ. ಹೀಗೇ ಒಂದು ಗಂಟೆ ದಾಟೋ ತನಕ ಎಳೆದಾಡಿ ಕೊನೆಗೆ ನಾನು ಕೈ ಬಿಟ್ಟೆ, ಯಾಕಂದ್ರೆ ಮೊದಲೇ ಒಂದು ಚೀಟಿ ಮೇಲೆ ಬರ್ಕೊಂಡಿದ್ದ ರೇಟು ದಾಟಿತ್ತು. ಎದುರಿಗಿದ್ದವನು ಯಾರು, ಯಾವ ದೇಶದವನು, ಏನೂ ಗೊತ್ತಿಲ್ಲ. ಅವನಿಗೂ ನಾನು ಯಾರು ಅಂತ ಗೊತ್ತಿಲ್ಲ. ಮಾರ್ತಿದ್ದವನಿಗೆ ನಾವಿಬ್ಬರೂ ಗೊತ್ತಿಲ್ಲ.

ಟ್ರಾನ್ಸ್‌ಫರ್ ಮಾರ್ಕೆಟ್ ನಿಂತಿರೋದೇ ಇದರ ಮೇಲೆ. ಕೊಳ್ಳೋನು ಮಾರೋನು ಒಳಗೊಳಗೆ ಮಾತಾಡ್ಕೊಂಡಿರಬಾರದು, ರೇಟು ಹರಾಜಲ್ಲೇ ಹುಟ್ಟಬೇಕು. ಚೀಟಿಂಗ್ ಅಂತ ಯಾವ್ಯಾವುದನ್ನ ಕರೀತಾರೋ ಅದರಲ್ಲಿ ಮುಕ್ಕಾಲು ಭಾಗ ಇದೊಂದನ್ನ ಮುರಿಯೋದೇ. ಆದ್ರೆ ನಮ್ಮ ಹುಡುಗರಲ್ಲಿ ತುಂಬಾ ಜನ ಮೋಸ ಮಾಡ್ಬೇಕು ಅಂತ ಮಾಡಲ್ಲ, ಫ್ರೆಂಡಿಗೆ ಸ್ವಲ್ಪ ಸಹಾಯ ಮಾಡೋಣ ಅಂತ ಹೋಗಿ ಸಿಕ್ಕಿಹಾಕ್ಕೊಳ್ತಾರೆ, ಆಮೇಲೆ ನಾನೇನು ತಪ್ಪು ಮಾಡ್ದೆ ಅಂತ ನಿಜವಾಗ್ಲೂ ಅರ್ಥ ಆಗದೆ ಗೇಮೇ ಬಿಟ್ಟು ಹೋಗ್ತಾರೆ. ಅಂಥವರಿಗೋಸ್ಕರ ಇದನ್ನ ಬರೀತಿದೀನಿ.

ಉದಾಹರಣೆಗೆ ಹ್ಯಾಟ್ರಿಕ್ ತಗೊಳ್ತೀನಿ. 1997ರಲ್ಲಿ ಸ್ವೀಡನ್ನಲ್ಲಿ ಶುರುವಾದ ಫುಟ್‌ಬಾಲ್ ಮ್ಯಾನೇಜರ್ ಗೇಮ್ ಇದು, ಬ್ರೌಸರಲ್ಲೇ ಆಡೋದು, ಇಂಡಿಯಾ ಲೀಗ್ ಕೂಡ ಇದೆ. ಇದರಲ್ಲಿ ನೀವು ಬಾಲ್ ಒದೆಯಲ್ಲ, ಟೀಮ್ ನಡೆಸ್ತೀರಿ ಅಷ್ಟೆ. ಟ್ರೈನಿಂಗ್, ಸಂಬಳ, ಸ್ಟೇಡಿಯಂ, ಲೈನಪ್, ಮತ್ತೆ ಪ್ಲೇಯರ್ ವ್ಯಾಪಾರ. ಎಲ್ಲಾ ನಿಧಾನ, ಒಂದು ಸೀಸನ್ ಅಂದ್ರೆ 16 ವಾರ. ಅಷ್ಟು ನಿಧಾನ ಇರೋದ್ರಿಂದಲೇ ಯಾರಾದ್ರೂ ಅಡ್ಡದಾರಿಲಿ ಒಂದೇ ರಾತ್ರಿ ದುಡ್ಡು ಮಾಡ್ಕೊಂಡ್ರೆ ಅವನ ಎಂಟು ಟೀಮಿನ ಲೀಗಲ್ಲಿರೋ ಬಾಕಿ ಏಳು ಟೀಮಿನವರ ಒಂದು ವರ್ಷದ ಶ್ರಮ ಹೊಳೆಲಿ ಹುಣಸೆಹಣ್ಣು ಕಲಸಿದ ಹಾಗೆ ಆಗತ್ತೆ.

ಮೊದಲು ಹರಾಜು ಹೇಗೆ ನಡಿಯತ್ತೆ ನೋಡಿ

ಪ್ಲೇಯರ್‌ನ ಲಿಸ್ಟ್‌ಗೆ ಹಾಕಿದ್ರೆ ಸರಿಯಾಗಿ 3 ದಿನ ಅವನು ಮಾರ್ಕೆಟ್ಟಲ್ಲಿ ಇರ್ತಾನೆ. ಒಂದ್ಸಲ ಹಾಕಿದ ಮೇಲೆ ವಾಪಸ್ ತೆಗೆಯಕ್ಕೆ ಆಗಲ್ಲ, ಮನಸ್ಸು ಬದಲಾಯ್ತು ಅಂತ ಅತ್ರೂ ಆಗಲ್ಲ. ಬಿಡ್ ಕೂಡ ಹಾಗೇ, ಹಾಕಿದ್ಮೇಲೆ ಮುಗೀತು. ಅದಕ್ಕೆ ಬಟನ್ ಒತ್ತೋ ಮುಂಚೆ ಸೊನ್ನೆ ಎಣಿಸಿ, ಬೆರಳಿಟ್ಟು ಎಣಿಸಿ. 5 ಲಕ್ಷ ಹಾಕಕ್ಕೆ ಹೋಗಿ 50 ಲಕ್ಷ ಹಾಕಿದವರನ್ನ ನೋಡಿದೀನಿ, ಪಾಪ ಮುಂದಿನ ಎರಡು ಸೀಸನ್ ಅವರು ಚೇತರಿಸ್ಕೊಳ್ಳಲಿಲ್ಲ.

ಪ್ರತಿ ಹೊಸ ಬಿಡ್ ಹಿಂದಿನದಕ್ಕಿಂತ ಕನಿಷ್ಠ 2% ಜಾಸ್ತಿ ಇರಬೇಕು, ಅಂದ್ರೆ 10 ಲಕ್ಷದಲ್ಲಿ ನಿಂತಿದ್ರೆ ಮುಂದಿನದು 10 ಲಕ್ಷ 20 ಸಾವಿರಕ್ಕೆ ಕಮ್ಮಿ ಇರಂಗಿಲ್ಲ. ಕೊನೇ 3 ನಿಮಿಷದ ಒಳಗೆ ಬಿಡ್ ಬಿದ್ರೆ ಡೆಡ್‌ಲೈನ್ ಆ ಬಿಡ್‌ನಿಂದ ಇನ್ನೂ 3 ನಿಮಿಷ ಮುಂದಕ್ಕೆ ಹೋಗತ್ತೆ. ಕೊನೇ ಸೆಕೆಂಡಲ್ಲಿ ಬಂದು ಎತ್ತಾಕ್ಕೊಂಡು ಹೋಗೋ ಆಟ ಇಲ್ಲಿ ನಡಿಯಲ್ಲ, ಯಾರಿಗೆ ಜಾಸ್ತಿ ಬೇಕೋ ಅವರಿಗೇ ಸಿಗತ್ತೆ.

ಮಾರುವಾಗ ಬಂದ ದುಡ್ಡೆಲ್ಲಾ ನಿಮ್ಮದಲ್ಲ. ಏಜೆಂಟ್ ಪಾಲು ಅಂತ ಒಂದಿಷ್ಟು ಹೋಗತ್ತೆ, ಪ್ಲೇಯರ್ ನಿಮ್ಮ ಹತ್ರ ಎಷ್ಟು ಕಮ್ಮಿ ದಿನ ಇದ್ನೋ ಆ ಪಾಲು ಅಷ್ಟು ಜಾಸ್ತಿ. ಇದನ್ನ ಹೀಗೆ ಇಟ್ಟಿರೋದೇ ಬೆಳಿಗ್ಗೆ ಕೊಂಡು ಸಂಜೆ ಮಾರೋ ದಲ್ಲಾಳಿ ಆಟ ತಡೆಯಕ್ಕೆ. ಅವನನ್ನ ಮೊದಲು ಬೆಳೆಸಿದ ಕ್ಲಬ್ಬಿಗೆ, ಅಂದ್ರೆ ತಾಯಿ ಕ್ಲಬ್ಬಿಗೆ, ಪ್ರತಿ ಸಲ ಮಾರಾಟ ಆದಾಗ್ಲೂ 2% ಹೋಗತ್ತೆ. ಹಿಂದಿನ ಕ್ಲಬ್ಬಿಗೂ ಅವನು ಅಲ್ಲಿ ಆಡಿದ ಮ್ಯಾಚ್ ನೋಡಿ ಒಂದು ಪಾಲಿದೆ. ತಾಯಿ ಕ್ಲಬ್ಬಿನ ವಿಷಯ ನಂಗೆ ತುಂಬಾ ಇಷ್ಟ, ನೀವು ಅಕಾಡೆಮಿಲಿ ಬೆಳೆಸಿ ಮೂರು ವರ್ಷದ ಹಿಂದೆ ಮಾರಿದ ಹುಡುಗ ಎಲ್ಲೋ ಬೇರೆ ದೇಶದಲ್ಲಿ ಕೈ ಬದಲಾದಾಗ ನಿಮ್ಮ ಅಕೌಂಟಿಗೆ ಸಣ್ಣ ಮೊತ್ತ ಬಂದು ಬೀಳತ್ತೆ, ಊರು ಬಿಟ್ಟು ಹೋದ ಮಗ ಮನಿಯಾರ್ಡರ್ ಕಳಿಸಿದ ಹಾಗೆ.

ರೇಟು ಕಟ್ಟೋದು

ನ್ಯಾಯವಾಗಿ ವ್ಯಾಪಾರ ಮಾಡೋನಿಗೆ ಮುಖ್ಯವಾಗಿ ಬೇಕಾಗಿರೋ ವಿದ್ಯೆ ಇದು, ಯಾಕಂದ್ರೆ ಸರಿಯಾದ ರೇಟು ಗೊತ್ತಿಲ್ಲದವನು ಮೋಸನೂ ಹೋಗ್ತಾನೆ, ಗೊತ್ತಿಲ್ಲದೆ ಅನುಮಾನಕ್ಕೂ ಸಿಗ್ತಾನೆ.

ಪ್ಲೇಯರ್ ಪೇಜಲ್ಲಿ ಟ್ರಾನ್ಸ್‌ಫರ್ ಕಂಪೇರ್ ಅಂತ ಒಂದಿದೆ, ಅದೇ ಥರದ ಪ್ಲೇಯರ್‌ಗಳು ಇತ್ತೀಚೆಗೆ ಎಷ್ಟಕ್ಕೆ ಹೋಗಿದಾರೆ ಅಂತ ತೋರಿಸತ್ತೆ. ಸುಮ್ನೆ ಮೇಲಿನ ಎರಡು ಸಾಲು ನೋಡಿ ನಂಬಬೇಡಿ. ವಯಸ್ಸನ್ನ ವರ್ಷದಲ್ಲಿ ಅಲ್ಲ ದಿನದಲ್ಲಿ ನೋಡಿ. ಇಲ್ಲಿ ಒಂದು ವರ್ಷ ಅಂದ್ರೆ 112 ದಿನ. 17 ವರ್ಷ 5 ದಿನದ ಹುಡುಗನಿಗೂ 17 ವರ್ಷ 105 ದಿನದ ಹುಡುಗನಿಗೂ ಹೆಸರಿಗೆ ಒಂದೇ ವಯಸ್ಸು, ಆದ್ರೆ ಎರಡನೆಯವನು ಹೆಚ್ಚುಕಮ್ಮಿ ಒಂದು ಇಡೀ ಸೀಸನ್ ಟ್ರೈನಿಂಗ್ ಕಳ್ಕೊಂಡಿರ್ತಾನೆ. ಬೆಳೆಸಕ್ಕೆ ಅಂತ ಕೊಳ್ಳೋರು ಮೊದಲನೆಯವನಿಗೆ ಎಷ್ಟೋ ಪಟ್ಟು ಜಾಸ್ತಿ ಕೊಡ್ತಾರೆ. ಆಮೇಲೆ ಸ್ಪೆಷಾಲಿಟಿ ಇದೆಯಾ ನೋಡಿ, ಟೆಕ್ನಿಕಲ್ಲೋ ಕ್ವಿಕ್ಕೋ ಹೆಡ್ಡೋ, ಅದಕ್ಕೂ ರೇಟು ಬದಲಾಗತ್ತೆ. ಟಿಎಸ್‌ಐ ಅನ್ನೋ ನಂಬರ್ ಒಂದು ಕಾಣತ್ತೆ, ಪ್ಲೇಯರ್ ಸ್ಕಿಲ್ಲೆಲ್ಲಾ ಒಟ್ಟು ಸೇರಿಸಿ ತೋರಿಸೋದು, ಅದೊಂದನ್ನೇ ಹಿಡ್ಕೊಂಡು ಕೊಳ್ಳೋದು ತೂಕ ನೋಡಿ ಹಸು ಕೊಂಡ ಹಾಗೆ. ಹಾಲು ಕೊಡತ್ತಾ ಅಂತ ನೋಡ್ಬೇಕು, ಅಂದ್ರೆ ನಿಮಗೆ ಬೇಕಾದ ಸ್ಕಿಲ್ ಎಷ್ಟಿದೆ ಅಂತ.

ಇನ್ನೊಂದು, ಬೇರೆ ದೇಶದ ಪ್ಲೇಯರ್‌ಗೆ ಸಂಬಳ 20% ಜಾಸ್ತಿ. ಕೊಳ್ಳೋ ರೇಟಲ್ಲಿ ಅಗ್ಗ ಅನ್ಸಿದವನು ವಾರ ವಾರ ಸಂಬಳದಲ್ಲಿ ಕಿತ್ಕೊಳ್ತಾನೆ.

ಕಂಪೇರ್‌ನಲ್ಲಿ ಒಂದೈದಾರು ನಿಜವಾಗ್ಲೂ ಹೋಲೋ ಮಾರಾಟ ಸಿಕ್ಕಿದ್ರೆ ತೀರಾ ಮೇಲಿನದು ತೀರಾ ಕೆಳಗಿನದು ಎರಡೂ ಬಿಟ್ಟು ನಡುವಿನದು ಹಿಡೀರಿ. ಅದನ್ನ ಒಂದು ಕಡೆ ಬರ್ಕೊಳ್ಳಿ. ಬಿಡ್ ಜೋರಾದಾಗ ತಲೆ ಬಿಸಿಯಾಗತ್ತೆ, ಇನ್ನೊಂದೇ ಒಂದ್ಸಲ ಅನ್ಸತ್ತೆ, ಆಗ ಆ ಚೀಟಿ ನೋಡ್ಬೇಕು.

ಇಂಡಿಯಾದಿಂದ ಮಾರೋರಿಗೆ ಟೈಮಿನ ವಿಷಯ

ಇದು ಚೀಟಿಂಗ್ ಅಲ್ಲ, ಆದ್ರೆ ಇದನ್ನ ತಿಳ್ಕೊಳ್ಳದೆ ನಮ್ಮವರು ಕಮ್ಮಿ ರೇಟಿಗೆ ಮಾರ್ಕೊಂಡು ಆಮೇಲೆ ಫ್ರೆಂಡಿಗೆ ಹೇಳಿ ಕೊಳ್ಸೋ ಕೆಟ್ಟ ದಾರಿಗೆ ಹೋಗ್ತಾರೆ, ಅದಕ್ಕೆ ಹೇಳ್ತಿದೀನಿ.

ಲಿಸ್ಟಿಂಗ್ ಸರಿಯಾಗಿ 3 ದಿನ ಅಂದ್ನಲ್ಲ, ಅಂದ್ರೆ ನೀವು ಯಾವ ಹೊತ್ತಿಗೆ ಹಾಕ್ತೀರೋ ಅದೇ ಹೊತ್ತಿಗೆ ಡೆಡ್‌ಲೈನ್ ಬರತ್ತೆ. ಆಡೋ ಜನ ಜಾಸ್ತಿ ಇರೋದು ಯೂರೋಪಲ್ಲಿ. ನೀವು ಬೆಳಿಗ್ಗೆ 10 ಗಂಟೆಗೆ ಆಫೀಸಿಗೆ ಹೋಗಿ ಕಾಫಿ ಕುಡೀತಾ ಲಿಸ್ಟ್ ಮಾಡಿದ್ರೆ ಡೆಡ್‌ಲೈನ್ ಬರೋ ಹೊತ್ತಿಗೆ ಸ್ವೀಡನ್ನಲ್ಲಿ ಚಳಿಗಾಲದಲ್ಲಾದ್ರೆ ಬೆಳಗಿನ ಜಾವ 5:30, ಒಂದು ನರಪಿಳ್ಳೆ ಎದ್ದಿರಲ್ಲ. ಅಲ್ಲಿ ರಾತ್ರಿ 8 ಗಂಟೆ ಅಂದ್ರೆ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂರೋ ಹೊತ್ತು, ಅದು ನಮಗೆ ಬೇಸಿಗೆಲಿ ರಾತ್ರಿ 11:30, ಚಳಿಗಾಲದಲ್ಲಿ 12:30. ಅವರು ಮಾರ್ಚ್ ಕೊನೇಲಿ ಗಡಿಯಾರ ಒಂದು ಗಂಟೆ ಮುಂದೆ ಇಟ್ಟು ಅಕ್ಟೋಬರ್ ಕೊನೇಲಿ ವಾಪಸ್ ತರ್ತಾರೆ, ನಮ್ಮಲ್ಲಿ ಆ ಪದ್ಧತಿ ಇಲ್ಲ, ಅದಕ್ಕೇ ಈ ಒಂದು ಗಂಟೆ ವ್ಯತ್ಯಾಸ. ಸ್ವಲ್ಪ ನಿದ್ದೆ ಕೆಟ್ರೂ ಪರವಾಗಿಲ್ಲ ಗುರುವಾರ ರಾತ್ರಿ ಆ ಹೊತ್ತಿಗೆ ಲಿಸ್ಟ್ ಮಾಡಿ, ಭಾನುವಾರ ರಾತ್ರಿ ಎಲ್ಲರೂ ಮನೇಲಿರೋವಾಗ ಡೆಡ್‌ಲೈನ್ ಬರತ್ತೆ. ಅದೇ ಪ್ಲೇಯರ್‌ಗೆ ಎದ್ದು ಕಾಣೋ ಹಾಗೆ ರೇಟು ಬದಲಾಗತ್ತೆ.

ಗೆರೆ ದಾಟೋದು ಎಲ್ಲಿ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡಿರೋರಿಗೆ ಇದು ಬೇಗ ಅರ್ಥ ಆಗತ್ತೆ. ರೈತ ಲಾಟ್ ತಂದು ಹಾಕ್ತಾನೆ, ಗೂಡಿಂದ ನೂಲು ತೆಗೆಯೋ ರೀಲರ್‌ಗಳು ಕೂಗ್ತಾರೆ, ಈಗ ಮೊಬೈಲಲ್ಲೇ ಇ-ಹರಾಜು. ಒಂದು ವೇಳೆ ನಾಲ್ಕು ರೀಲರ್‌ಗಳು ಮುಂಚೇನೇ ಟೀ ಅಂಗಡಿಲಿ ಕೂತು ಈ ಲಾಟ್ ನೀನು ತಗೋ ನಾವು ಕೂಗಲ್ಲ, ಮುಂದಿನದು ನಂಗೆ ಬಿಡು ಅಂತ ಮಾತಾಡ್ಕೊಂಡ್ರೆ ಹರಾಜು ಅನ್ನೋದು ಬರೀ ನಾಟಕ, ರೈತನ ಹೊಟ್ಟೆ ಮೇಲೆ ಹೊಡೆದ ಹಾಗೆ. ಗೇಮಲ್ಲೂ ಅಷ್ಟೇ. ನೀವು ನಿಮ್ಮ ಗ್ರೂಪಲ್ಲಿ "ಆ ಡಿಫೆಂಡರ್‌ಗೆ ನಾನು ಬಿಡ್ ಹಾಕ್ತಿದೀನಿ, ಯಾರೂ ಬರಬೇಡಿ ಪ್ಲೀಸ್" ಅಂತ ಮೆಸೇಜ್ ಹಾಕಿದ್ರೆ ನಿಮಗೆ ಅದು ಬರೀ ಸ್ನೇಹದ ಮಾತು, ಮಾರೋನಿಗೆ ಅದು ನಷ್ಟ. ಹಾಗಾಗಿ ಅದೂ ತಪ್ಪೇ.

ಎಲ್ಲಕ್ಕಿಂತ ಹಳೇ ಆಟ ಎರಡನೇ ಐಡಿ. ಒಬ್ಬನೇ ಎರಡು ಟೀಮ್ ಮಾಡ್ತಾನೆ, ಹೊಸ ಟೀಮಿಗೆ ಗೇಮಿನವರು ಕೊಟ್ಟ ಶುರುವಿನ ದುಡ್ಡು ಇರತ್ತಲ್ಲ ಅದರಲ್ಲಿ ತನ್ನ ಹಳೇ ಟೀಮಿನ ಕೆಲಸಕ್ಕೆ ಬಾರದ 33 ವರ್ಷದ ಗೋಲ್‌ಕೀಪರ್‌ನ ದುಬಾರಿ ರೇಟಿಗೆ ಕೊಳ್ತಾನೆ. ಖಜಾನೆ ಖಾಲಿ ಆದ ಮೇಲೆ ಆ ಟೀಮನ್ನ ಹಾಗೇ ಬಿಟ್ಟು ಹೋಗ್ತಾನೆ, ಅದು ಬಾಟ್, ಅಂದ್ರೆ ಯಾರೂ ನಡೆಸದೆ ಕಂಪ್ಯೂಟರೇ ಆಡಿಸೋ ಟೀಮ್ ಆಗತ್ತೆ. ಇದರ ತದ್ವಿರುದ್ಧನೂ ಇದೆ, ಸಣ್ಣ ಟೀಮಿನಲ್ಲಿ ಹುಟ್ಟಿದ ಒಳ್ಳೇ ಹುಡುಗನ್ನ ಯಾರೂ ನೋಡದ ಹೊತ್ತಲ್ಲಿ ಒಂದು ರೂಪಾಯಿಗೆ ಲಿಸ್ಟ್ ಮಾಡಿ ದೊಡ್ಡ ಟೀಮಿಗೆ ಎಳ್ಕೊಳ್ಳೋದು. ಹ್ಯಾಟ್ರಿಕ್‌ನಲ್ಲಿ ಒಬ್ಬರು ಒಂದಕ್ಕಿಂತ ಜಾಸ್ತಿ ಟೀಮ್ ಇಟ್ಕೊಳ್ಳಕ್ಕೆ ಸಪೋರ್ಟರ್ ಆದವರಿಗೆ, ಅಂದ್ರೆ ದುಡ್ಡು ಕಟ್ಟಿ ಹೆಚ್ಚಿನ ಸೌಲಭ್ಯ ತಗೊಂಡವರಿಗೆ, ಅಧಿಕೃತ ದಾರಿನೇ ಇದೆ, ಅದು ಒಂದೇ ಐಡಿ ಕೆಳಗೆ ಎಲ್ಲರಿಗೂ ಕಾಣೋ ಹಾಗೆ ಇರತ್ತೆ. ಎರಡನೇ ಟೀಮ್ ಬೇಕೇ ಬೇಕು ಅಂದ್ರೆ ಆ ದಾರಿಲಿ ಹೋಗಿ, ಬೇರೆ ಮೇಲ್ ಐಡಿ ಮಾಡ್ಕೊಂಡು ಕಳ್ಳದಾರಿಲಿ ಬೇಡ.

ಆಮೇಲೆ ಪ್ಲೇಯರ್‌ನೇ ಸಾಲ ಕೊಡೋ ಆಟ. ನಿಜವಾದ ಫುಟ್‌ಬಾಲಲ್ಲಿ ಲೋನ್ ಇದೆ, ಹ್ಯಾಟ್ರಿಕ್‌ನಲ್ಲಿ ಇಲ್ಲ. ಕಪ್ ಮ್ಯಾಚಿಗೆ ನನ್ ಸ್ಟ್ರೈಕರ್ ತಗೋ, ಮುಗಿದ ಮೇಲೆ ಅದೇ ರೇಟಿಗೆ ನಂಗೇ ವಾಪಸ್ ಮಾರು ಅಂತ ಇಬ್ಬರು ಮಾತಾಡ್ಕೊಂಡ್ರೆ ಅದು ಒಪ್ಪಂದದ ಟ್ರಾನ್ಸ್‌ಫರ್, ರೇಟು ಸರಿಯಾಗೇ ಇದ್ರೂ ತಪ್ಪು. ಇಲ್ಲಿ ಜನ ಎಡವೋದು ಜಾಸ್ತಿ, ರೇಟು ಮಾರ್ಕೆಟ್ ರೇಟೇ ಇತ್ತಲ್ಲ ಸಾರ್ ಅಂತಾರೆ. ರೇಟೊಂದೇ ವಿಷಯ ಅಲ್ಲ, ಮೂರನೆಯವನು ಬರೋ ಬಾಗಿಲು ತೆರೆದಿತ್ತಾ ಅನ್ನೋದು ವಿಷಯ.

ಇನ್ನೊಂದು ಸುಳ್ಳು ಬಿಡ್. ನಿಮ್ಮ ಪ್ಲೇಯರ್‌ಗೆ ಒಬ್ಬ ಮಾತ್ರ ಬಿಡ್ ಹಾಕಿದಾನೆ, ನೀವು ಫ್ರೆಂಡಿಗೆ ಹೇಳಿ ಏರಿಸ್ತೀರಿ, ಅವನಿಗೆ ಪ್ಲೇಯರ್ ಬೇಕಾಗಿಲ್ಲ, ಎದುರಿನವನ ಜೇಬಿಂದ ಇನ್ನಷ್ಟು ಕೀಳೋದಷ್ಟೇ. ಹಬ್ಬದ ಸಂತೇಲಿ ಕುರಿ ಮಾರೋನು ತನ್ನ ಕಡೆಯವನನ್ನೇ ಗಿರಾಕಿ ಥರ ನಿಲ್ಸೋದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ಬಿಡ್ ಹಾಕೋ ಸ್ಕ್ರಿಪ್ಟ್, ನಿಮ್ಮ ಬದಲು ತಾನೇ ಆಡೋ ಪ್ರೋಗ್ರಾಂ ಇಂಥವೂ ನಿಷೇಧ. ಹಾಗಂತ ಎಲ್ಲಾ ಟೂಲ್ ಕೆಟ್ಟದ್ದಲ್ಲ, ಹ್ಯಾಟ್ರಿಕ್‌ನವರೇ ಸಿಎಚ್‌ಪಿಪಿ ಅಂತ ಒಪ್ಪಿಗೆ ಕೊಟ್ಟಿರೋ ಟೂಲ್‌ಗಳಿವೆ, ಹ್ಯಾಟ್ರಿಕ್ ಆರ್ಗನೈಸರ್ ಥರದ್ದು, ಅವನ್ನ ಧೈರ್ಯವಾಗಿ ಬಳಸಿ.

ಮತ್ತೆ ಏನು ತಪ್ಪಲ್ಲ ಅನ್ನೋದೂ ಹೇಳ್ಬೇಕು, ಇಲ್ದಿದ್ರೆ ಎಲ್ಲಾ ಹೆದರ್ಕೊಂಡು ಕೂರ್ತಾರೆ. ಇಬ್ಬರು ಅಪರಿಚಿತರು ಹಟಕ್ಕೆ ಬಿದ್ದು ಒಬ್ಬ ಪ್ಲೇಯರ್‌ಗೆ ಎರಡರಷ್ಟು ಕೊಟ್ರೆ ಅದು ಚೀಟಿಂಗ್ ಅಲ್ಲ, ಅದು ಹರಾಜು. ಯಾರೂ ನೋಡದೆ ಅಗ್ಗಕ್ಕೆ ಸಿಕ್ಕ ಪ್ಲೇಯರ್‌ನ ನೀವು ಕೊಂಡ್ರೆ ಅದೂ ತಪ್ಪಲ್ಲ, ನಿಮ್ಮ ಶ್ರಮ. ಫ್ರೆಂಡಿಗೆ ಟ್ರೈನಿಂಗ್ ಹೇಳ್ಕೊಡೋದು, ಲೈನಪ್ ತಿದ್ದಿಕೊಡೋದು, ಯಾವ ಥರದ ಪ್ಲೇಯರ್ ಹುಡುಕ್ಬೇಕು ಅಂತ ಹೇಳೋದು ಎಲ್ಲಾ ಸರಿ. ದುಡ್ಡು ಮತ್ತೆ ಪ್ಲೇಯರ್ ಮಾತ್ರ ನಿಮ್ಮಿಬ್ಬರ ಮಧ್ಯೆ ಓಡಾಡಬಾರದು.

ಒಂದೇ ಮನೆ, ಒಂದೇ ವೈಫೈ

ನಮ್ಮಲ್ಲಿ ಜಾಸ್ತಿ ಜನ ಸಿಕ್ಕಿಬೀಳೋದು ಇಲ್ಲೇ. ನನ್ನ ಮನೇಲೇ ಆಗಿದ್ದು ಹೇಳ್ತೀನಿ, ಗೇಮಿನ ಹೆಸರು ಬೇಡ.

ನನ್ನ ಭಾಮೈದ ದಾವಣಗೆರೆಲಿ ಓದ್ತಿದ್ದ, ದಸರಾ ರಜಕ್ಕೆ ಬಂದಾಗ ನಾನು ಆಡೋದು ನೋಡಿ ಅವನೂ ಒಂದು ಟೀಮ್ ಮಾಡ್ದ. ನಮ್ಮ ಮನೆ ವೈಫೈಲಿ, ನನ್ನ ಲ್ಯಾಪ್‌ಟಾಪಲ್ಲೇ ರಿಜಿಸ್ಟರ್ ಮಾಡಿದ್ದು. ಎರಡು ವಾರಕ್ಕೆ ದುಡ್ಡು ಖಾಲಿ. "ಭಾವ, ಸಂಬಳ ಕೊಡಕ್ಕೂ ಇಲ್ಲ, ಏನಾದ್ರೂ ಮಾಡಿ" ಅಂತ ಫೋನು. ಅವನ ಹತ್ರ 30 ವರ್ಷದ ಒಬ್ಬ ಡಿಫೆಂಡರ್ ಇದ್ದ, ಮಾರ್ಕೆಟಲ್ಲಿ ಹೆಚ್ಚಂದ್ರೆ 60 ಸಾವಿರ ಬಾಳೋನು. ಲಿಸ್ಟ್ ಮಾಡು ನಾನ್ ನೋಡ್ಕೊಳ್ತೀನಿ ಅಂದೆ, 3 ಲಕ್ಷಕ್ಕೆ ಕೊಂಡೆ. ನನ್ನ ಮನಸ್ಸಲ್ಲಿ ಅದು ಹುಡುಗನ ಕೈಗೆ ಖರ್ಚಿಗೆ ಅಂತ ನೋಟು ತುರುಕಿದ ಹಾಗೆ, ಅಷ್ಟೆ.

ನಾಲ್ಕನೇ ದಿನ ಇಬ್ಬರಿಗೂ ಮೆಸೇಜ್ ಬಂತು. ವ್ಯಾಪಾರದ ರೇಟನ್ನ ಇಳಿಸಿದಾರೆ, ಇಬ್ಬರಿಗೂ ದಂಡ, ಮುಂದೆ ಹೀಗೆ ಆದ್ರೆ ಟೀಮ್ ಹೋಗತ್ತೆ ಅಂತ. ಅವನು ಗಾಬರಿಯಾಗಿ ಫೋನ್ ಮಾಡಿ "ಭಾವ ನಾನೇನು ಮಾಡ್ದೆ" ಅಂದ. ಅವನು ಏನೂ ಮಾಡಿರಲಿಲ್ಲ, ಮಾಡಿದ್ದು ನಾನು. ಆ ರಾತ್ರಿ ಲೀಗ್ ಟೇಬಲ್ ತೆಗೆದು ನೋಡಿದೆ, ಅವನ ಗ್ರೂಪಲ್ಲಿ ಇನ್ನೂ ಏಳು ಟೀಮ್, ಅದರಲ್ಲಿ ಇಬ್ಬರು ಹೊಸಬರು ಅವನ ಥರಾನೇ ದುಡ್ಡಿಲ್ಲದೆ ಒದ್ದಾಡ್ತಿದ್ರು, ಸ್ಟೇಡಿಯಂ ಕಟ್ಟದೆ, ಅಗ್ಗದ ಪ್ಲೇಯರ್ ಇಟ್ಕೊಂಡು ಸೋಲ್ತಾ ಸೋಲ್ತಾ ನಿಭಾಯಿಸ್ತಿದ್ರು. ಅವರಿಗೆ ಭಾವ ಇರಲಿಲ್ಲ. ಅವತ್ತಿಂದ ನಂಗೆ ಈ ರೂಲ್ಸ್ ಯಾಕಿದೆ ಅಂತ ಯಾರೂ ಹೇಳ್ಕೊಡಬೇಕಾಗಿ ಬಂದಿಲ್ಲ.

ಈಗ ಒಂದೇ ಮನೇಲಿ ಇಬ್ಬರು ಆಡೋದಾದ್ರೆ ಹೀಗೆ ಮಾಡಿ. ಇಬ್ಬರ ಮಧ್ಯೆ ವ್ಯಾಪಾರ ಅನ್ನೋದೇ ಬೇಡ, ನ್ಯಾಯವಾದ ರೇಟಿಗೂ ಬೇಡ. ಒಬ್ಬರ ಪ್ಲೇಯರ್‌ಗೆ ಇನ್ನೊಬ್ಬರು ಬಿಡ್ ಕೂಡ ಹಾಕ್ಬೇಡಿ, ಗೆಲ್ಲದೆ ಇದ್ರೂ ರೇಟು ಏರಿಸಿದ ಹಾಗೆ ಕಾಣತ್ತೆ. ಪಾಸ್‌ವರ್ಡ್ ಹಂಚ್ಕೋಬೇಡಿ, ತಮ್ಮನಿಗೆ ಎಕ್ಸಾಮ್ ಇದೆ ಅಂತ ಅವನ ಲೈನಪ್ಪನ್ನ ನೀವು ಲಾಗಿನ್ ಆಗಿ ಹಾಕ್ಬೇಡಿ, ಹೊರಗಿಂದ ನೋಡೋರಿಗೆ ಅದು ಒಬ್ಬನೇ ಎರಡು ಟೀಮ್ ನಡೆಸ್ತಿರೋ ಹಾಗೇ ಕಾಣತ್ತೆ. ಮತ್ತೆ ಒಂದೇ ಕಂಪ್ಯೂಟರ್ ಬಳಸ್ತೀರಿ ಅಂದ್ರೆ ಯಾರೂ ಕೇಳೋ ಮುಂಚೆನೇ ರೂಲ್ಸ್ ನೋಡ್ಕೊಳ್ಳೋ ಗೇಮ್ ಮಾಸ್ಟರ್‌ಗೆ ಒಂದು ಮೆಸೇಜ್ ಹಾಕಿ, ಈ ಎರಡು ಟೀಮ್ ಒಂದೇ ಮನೆಯಿಂದ ಆಡ್ತೀವಿ, ಇಬ್ಬರು ಬೇರೆ ಬೇರೆ ಜನ, ನಮ್ಮ ಮಧ್ಯೆ ವ್ಯಾಪಾರ ಇರಲ್ಲ ಅಂತ. ಎರಡು ಸಾಲು ಸಾಕು.

ಹಾಸ್ಟೆಲ್ಲು, ಪಿಜಿ, ಆಫೀಸು ಇಲ್ಲೂ ಇದೇ. ಮೊಬೈಲ್ ಡೇಟಾದಲ್ಲಿ ಇನ್ನೊಂದು ತೊಡಕಿದೆ, ನಮ್ಮ ಮೊಬೈಲ್ ಕಂಪನಿಗಳು ಸಾವಿರಾರು ಗಿರಾಕಿಗಳನ್ನ ಒಂದೇ ಪಬ್ಲಿಕ್ ಐಪಿ, ಅಂದ್ರೆ ಹೊರಗೆ ಕಾಣೋ ಒಂದೇ ಇಂಟರ್ನೆಟ್ ವಿಳಾಸದ ಹಿಂದೆ ಕೂರಿಸಿರ್ತಾರೆ. ಹಾಗಾಗಿ ಸಂಬಂಧವೇ ಇಲ್ಲದ ಇಬ್ಬರು ಒಂದೇ ಐಪಿಲಿ ಕಾಣಬಹುದು. ಇದಕ್ಕೆ ಹೆದರಬೇಡಿ, ಬರೀ ಐಪಿ ಒಂದೇ ಇರೋದು ಅಪರಾಧ ಅಲ್ಲ. ಐಪಿ ಒಂದೇ, ಲಾಗಿನ್ ಆಗೋ ಹೊತ್ತು ಒಂದರ ಹಿಂದೆ ಒಂದು, ಮೇಲೆ ಇಬ್ಬರ ಮಧ್ಯೆ ವಿಚಿತ್ರ ರೇಟಿನ ವ್ಯಾಪಾರ, ಎಲ್ಲಾ ಸೇರಿದಾಗ ತೊಂದರೆ.

ಅನುಮಾನ ಬಂದ್ರೆ ಏನ್ ಮಾಡೋದು

ನಿಮ್ಮ ಲೀಗಲ್ಲಿ ಒಬ್ಬ ಇದ್ದಕ್ಕಿದ್ದ ಹಾಗೆ ಮೇಲೆದ್ದ ಅಂತ ತಕ್ಷಣ ಕಳ್ಳ ಅನ್ಬೇಡಿ. ಅವನ ಟ್ರಾನ್ಸ್‌ಫರ್ ಹಿಸ್ಟರಿ ತೆಗೀರಿ, ಎಲ್ಲರಿಗೂ ಕಾಣತ್ತೆ. ಮಾರಿದ ಪ್ಲೇಯರ್‌ಗಳ ವಯಸ್ಸು ರೇಟು ನೋಡಿ, ಕಂಪೇರ್ ಜೊತೆ ತಾಳೆ ಹಾಕಿ. ಒಂದು ವ್ಯಾಪಾರ ವಿಚಿತ್ರ ಇದ್ರೆ ಬಿಡಿ, ಅದು ಅದೃಷ್ಟ ಇರಬಹುದು. ಕೊಂಡವರು ಯಾರು ಅಂತ ನೋಡಿ, ಅವರ ಟೀಮ್ ಪೇಜಿಗೆ ಹೋಗಿ. ಟೀಮ್ ಹುಟ್ಟಿ ಎಷ್ಟು ದಿನ ಆಯ್ತು, ಅವರು ಇನ್ನು ಯಾರ ಹತ್ರ ಕೊಂಡಿದಾರೆ, ಕೊಂಡ ಪ್ಲೇಯರ್‌ನ ಆಡಿಸಿದಾರಾ. 3 ಲಕ್ಷ ಕೊಟ್ಟು ಕೊಂಡ ಗೋಲ್‌ಕೀಪರ್ ಒಂದು ಮ್ಯಾಚೂ ಆಡದೆ ಬೆಂಚಲ್ಲಿ ಕೂತಿದಾನೆ, ಕೊಂಡ ಟೀಮ್ ಈಗ ಬಾಟ್ ಆಗಿದೆ, ಅಂಥ ಟೀಮ್ ಇನ್ನೂ ಎರಡಿದೆ ಅಂದ್ರೆ ಅಲ್ಲಿ ಏನೋ ಇದೆ.

ಆಗ ಗೇಮ್ ಮಾಸ್ಟರ್‌ಗೆ ರಿಪೋರ್ಟ್ ಮಾಡಿ. ಹ್ಯಾಟ್ರಿಕ್‌ನಲ್ಲಿ ಇವರು ಬಹುತೇಕ ನಮ್ಮ ಥರಾನೇ ಆಡೋರು, ಸಂಬಳ ಇಲ್ಲದೆ ಸ್ವಂತ ಸಮಯದಲ್ಲಿ ಈ ಕೆಲಸ ಮಾಡೋರು, ಅದಕ್ಕೆ ಅವರ ಕೆಲಸ ಹಗುರ ಆಗೋ ಹಾಗೆ ಬರೀರಿ. ಟೀಮ್ ಐಡಿ, ಪ್ಲೇಯರ್ ಐಡಿ, ತಾರೀಖು, ರೇಟು, ಹೋಲೋ ಪ್ಲೇಯರ್ ಎಷ್ಟಕ್ಕೆ ಹೋದ, ಇಷ್ಟೇ. "ಇವನು ಪಕ್ಕಾ ಫ್ರಾಡ್ ಸಾರ್, ಬ್ಯಾನ್ ಮಾಡಿ" ಅನ್ನೋದು ಬೇಡ. ಆಮೇಲೆ ಏನಾಯ್ತು ಅಂತ ನಿಮಗೆ ವಿವರ ಹೇಳಲ್ಲ, ಅದು ಅವನ ಖಾಸಗಿ ವಿಷಯ, ಇದಕ್ಕೆ ಬೇಜಾರ್ ಮಾಡ್ಕೋಬೇಡಿ. ಎಲ್ಲರ ಎದುರು ಹೆಸರು ಹಾಕಿ ಕಳ್ಳ ಅಂತ ಬರೆದ್ರೆ ಮಾತ್ರ ದಂಡ ನಿಮಗೇ ಬೀಳತ್ತೆ, ಅದೂ ರೂಲ್ಸೇ. ನಂಗೆ ಈ ರೂಲ್ ಸರಿ ಅನ್ಸತ್ತೆ, ಯಾಕಂದ್ರೆ ತಪ್ಪು ಅನುಮಾನದಲ್ಲಿ ಒಬ್ಬ ಒಳ್ಳೆಯವನ ಹೆಸರು ಕೆಟ್ರೆ ಅದನ್ನ ಯಾರು ಸರಿ ಮಾಡ್ತಾರೆ.

ನಿಮ್ಮ ಮೇಲೇ ಪ್ರಶ್ನೆ ಬಂದ್ರೆ ಸುಳ್ಳು ಹೇಳ್ಬೇಡಿ. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ ಹಾಗೆ ಆಗತ್ತೆ, ಅವರ ಹತ್ರ ಲಾಗಿನ್ ವಿವರ ಎಲ್ಲಾ ಇರತ್ತೆ. ಗೊತ್ತಿಲ್ಲದೆ ಮಾಡ್ದೆ, ಅವನು ನನ್ನ ಭಾಮೈದ, ಇನ್ಮುಂದೆ ಆಗಲ್ಲ ಅಂತ ಇದ್ದದ್ದು ಇದ್ದ ಹಾಗೆ ಬರೀರಿ. ನಾನು ಹಾಗೇ ಬರೆದೆ, ಟೀಮ್ ಉಳೀತು.

ದುಡ್ಡು ಕೊಟ್ಟು ಕಾಯಿನ್ ಕೊಳ್ಳೋರಿಗೆ

ಫೀಫಾ, ಈಗಿನ ಇಎ ಎಫ್‌ಸಿ, ಅದರ ಅಲ್ಟಿಮೇಟ್ ಟೀಮ್ ಆಡೋ ಹುಡುಗರೂ ಇದನ್ನ ಓದ್ತಿರಬಹುದು. ಅದರಲ್ಲಿ ಗೇಮಿನ ಕಾಯಿನ್ ಕೊಟ್ಟು ಪ್ಲೇಯರ್ ಕಾರ್ಡ್ ಕೊಳ್ಳೋದು ಮಾರೋದು. ಅಲ್ಲಿ ಮಾರಿದ ಪ್ರತಿ ಕಾರ್ಡಿಗೂ 5% ಟ್ಯಾಕ್ಸ್ ಕಟ್ಟಾಗತ್ತೆ, ಹಾಗಾಗಿ 10,000ಕ್ಕೆ ಕೊಂಡಿದ್ದನ್ನ 10,500ಕ್ಕೆ ಮಾರಿದ್ರೆ ಕೈಗೆ ಬರೋದು 9,975, ಲಾಭ ಅಂದ್ಕೊಂಡಿದ್ದು ನಷ್ಟ. ಇದನ್ನ ಲೆಕ್ಕ ಹಾಕಿ ಮಾರಿ.

ಅಲ್ಲಿನ ದೊಡ್ಡ ರೋಗ ಕಾಯಿನ್ ಮಾರಾಟ. ಮೊದಲು ಹೇಗಿತ್ತು ಅಂದ್ರೆ ನೀವು ನಿಜವಾದ ದುಡ್ಡು ಕಳಿಸಿ ಒಂದು ಬೆಲೆ ಇಲ್ಲದ ಬ್ರಾಂಜ್ ಕಾರ್ಡನ್ನ ಭಾರೀ ರೇಟಿಗೆ ಲಿಸ್ಟ್ ಮಾಡೋದು, ಮಾರೋನು ಬಂದು ಅದನ್ನ ಕೊಂಡು ಕಾಯಿನ್ ನಿಮಗೆ ದಾಟಿಸೋದು. 2015ರ ಮಾರ್ಚಲ್ಲಿ ಪ್ರತಿ ಕಾರ್ಡಿಗೂ ಇಷ್ಟರಿಂದ ಇಷ್ಟರ ಒಳಗೇ ಮಾರಬೇಕು ಅಂತ ಪ್ರೈಸ್ ರೇಂಜ್ ತಂದು ಇದಕ್ಕೆ ಕಡಿವಾಣ ಹಾಕಿದ್ರು. ಆಮೇಲೆ ಮಾರೋರು ದಾರಿ ಬದಲಾಯಿಸಿ ಕಂಫರ್ಟ್ ಟ್ರೇಡ್ ಅಂತ ಶುರು ಮಾಡಿದ್ರು, ಅಂದ್ರೆ ನಿಮ್ಮ ಲಾಗಿನ್ನು, ಪಾಸ್‌ವರ್ಡು, ಬ್ಯಾಕಪ್ ಕೋಡು ಎಲ್ಲಾ ಕೊಡಿ ನಾವೇ ಒಳಗೆ ಬಂದು ಹಾಕ್ತೀವಿ ಅಂತ. ಮನೆ ಬೀಗದ ಕೈ ಕಳ್ಳನಿಗೇ ಕೊಟ್ಟ ಹಾಗೆ ಇದು. ಕಾಯಿನ್ ಬಂದ್ರೂ ಇಎನವರು ಕಂಡುಹಿಡಿದು ಸೊನ್ನೆ ಮಾಡಬಹುದು, ಮಾರ್ಕೆಟ್ಟೇ ಬಂದ್ ಮಾಡಬಹುದು, ಅಕೌಂಟೇ ಬ್ಯಾನ್ ಮಾಡಬಹುದು, ಕೊಟ್ಟ ದುಡ್ಡಿಗೆ ಕೇಳೋರಿಲ್ಲ. ಇದು ಬರೀ ಆಟದ ವಿಷಯ ಅಂತಾನೂ ಅಂದ್ಕೋಬೇಡಿ. ಮ್ಯಾಚ್ ಆಡದೇನೇ ಆಡಿ ಮುಗಿಸಿದ ಹಾಗೆ ಸರ್ವರ್‌ಗೆ ನಂಬಿಸೋ ಸಾಫ್ಟ್‌ವೇರ್ ಮಾಡಿ ಕಾಯಿನ್ ತೆಗೆದು ಮಾರ್ತಿದ್ದ ಗುಂಪಿನ ಒಬ್ಬನನ್ನ 2016ರ ನವೆಂಬರಲ್ಲಿ ಅಮೆರಿಕದ ಟೆಕ್ಸಾಸಿನ ಫೋರ್ಟ್ ವರ್ತ್ ಫೆಡರಲ್ ಕೋರ್ಟಲ್ಲಿ ಜ್ಯೂರಿ ವಂಚನೆ ಸಂಚಿನ ಕೇಸಲ್ಲಿ ತಪ್ಪಿತಸ್ಥ ಅಂತ ತೀರ್ಮಾನ ಮಾಡ್ತು.

ಭಾಮೈದನ ಟೀಮ್ ಏನಾಯ್ತು ಅಂತ ಕೇಳ್ತೀರೇನೋ. ದಂಡ ಕಟ್ಟಿದ ಮೇಲೆ ಅವನ ಹತ್ರ ಮಾರಕ್ಕೆ ಅಂತ ಉಳಿದಿದ್ದು 18 ವರ್ಷದ ಒಬ್ಬ ವಿಂಗರ್. ಗುರುವಾರ ರಾತ್ರಿ 11:30ಕ್ಕೆ ಲಿಸ್ಟ್ ಮಾಡು, ಕೇಳೋ ರೇಟು ಕಮ್ಮಿ ಇಡು, ಆಮೇಲೆ ನಂಗೆ ಏನೂ ಹೇಳ್ಬೇಡ ಅಂದೆ. ಭಾನುವಾರ ರಾತ್ರಿ ನಾನು ಲಾಗಿನ್ನೂ ಆಗಲಿಲ್ಲ. ಹನ್ನೆರಡು ಗಂಟೆಗೆ ಅವನ ಮೆಸೇಜ್ ಬಂತು, "ಭಾವ, ಮೂರು ಜನ ಕಿತ್ತಾಡ್ತಿದಾರೆ, ಇನ್ನೂ ಮುಗಿದಿಲ್ಲ".